ಅಪ್‌ಡೇಟ್: ಆರ್‌ಎಕ್ಸ್ 100 ಕಾಯಿಲೆ ಸಿಕ್ಕಿತು!
1991ರ ಯಮಹಾ ಆರ್‌ಎಕ್ಸ್ 100 ಬೈಕ್ ತಗೊಂಡಿದ್ದೇನೆ, ಎಕ್ಸಲರೇಟರ್ ಬಿಟ್ಟರೂ ಇಂಜಿನ್ ಜೋರಾಗಿಯೇ ಓಡುತ್ತದೆ, ಯಾಕೆ ಅಂತ ಇಲ್ಲಿ ಕೇಳಿದ್ದೆ. ಕಾರ್ಬುರೇಟರ್ ಸುಮ್ನೆ ಎರಡು ಸಲ ತೊಳೆಸಿದೆ. ನಿಮ್ಮಲ್ಲೊಬ್ಬರು ಹೇಳಿದ್ದೇ ಸರಿ, ಕ್ರ್ಯಾಂಕ್ ಆಯಿಲ್ ಸೀಲ್, ಅಂದರೆ ಇಂಜಿನ್ ಒಳಗೆ ತಿರುಗುವ ಕ್ರ್ಯಾಂಕ್ ದಂಡದ ಎರಡೂ ಕಡೆ ಸೋರದಂತೆ ತಡೆಯುವ ರಬ್ಬರ್ ಬಳೆ! ವರ್ಷಗಟ್ಟಲೆ ನಿಂತು ರಬ್ಬರ್ ಕಲ್ಲಾಗಿತ್ತು. ಇದರಂಥ ಟೂ ಸ್ಟ್ರೋಕ್ ಇಂಜಿನ್‌ನಲ್ಲಿ ಪೆಟ್ರೋಲ್, ಗಾಳಿ ಎರಡೂ ಕ್ರ್ಯಾಂಕ್‌ಕೇಸ್ (ಕ್ರ್ಯಾಂಕ್ ಕೂರುವ ಗೂಡು) ಮೂಲಕವೇ ಹೋಗುತ್ತವೆ, ಅಲ್ವಾ? ಸೀಲ್ ಸೋರಿ ಪೆಟ್ರೋಲ್‌ಗಿಂತ ಗಾಳಿ ಪಾಲು ಜಾಸ್ತಿಯಾಗಿ ಇಂಜಿನ್ ಜೋರಾಗಿ ಓಡುತ್ತಿತ್ತು. ಸ್ಪಾರ್ಕ್ ಪ್ಲಗ್ ಬೆಳ್ಳಗಾಗಿದ್ದೂ ಅದಕ್ಕೇ. ಹಾಗೇ ಓಡಿಸಿದ್ದರೆ ಬಿಸಿ ಹೆಚ್ಚಿ ಪಿಸ್ಟನ್ ಸಿಲಿಂಡರ್‌ಗೆ ಹಿಡಿದುಕೊಳ್ಳುತ್ತಿತ್ತು.

ಎರಡೂ ಕಡೆ ಹೊಸ ಸೀಲ್ ಹಾಕಿಸಿದೆ. ಆರ್‌ಸಿ ಕೂಡ 5 ವರ್ಷಕ್ಕೆ ನವೀಕರಣವಾಯಿತು.

ಭಾನುವಾರ ಬೆಳಗಾವಿಯಿಂದ ಗೋಕಾಕ ಫಾಲ್ಸ್‌ಗೆ ಹೋಗಿಬಂದೆ. ಕಾಲೇಜು ದಿನಗಳಲ್ಲಿ ಗೆಳೆಯನ ಆರ್‌ಎಕ್ಸ್ ಹಿಂದೆ ಕೂತು ಹೋಗುತ್ತಿದ್ದ ದಾರಿ. ಅದೇ ಸದ್ದು, ಪೆಟ್ರೋಲ್ ಜೊತೆ ಉರಿಯುವ ಅದೇ ಟೂಟಿ ಆಯಿಲ್ ವಾಸನೆ. ಕಣ್ಣು ತುಂಬಿ ಬಂತು. ಸೀಲ್ ನೋಡಿ ಅಂದವರಿಗೆ ತುಂಬಾ ಧನ್ಯವಾದ.