ಅಪ್ಪನ ಪಿಎಸ್‌ಎ 6.8, ಸೂಜಿ ಇಲ್ಲದೆ ಪತ್ತೆ ಮಾಡುವ ಮೆಷಿನ್ ಇದೆಯಾ?

ಡೊಂಬಿವಲಿ_ಮಗ:
ಅಪ್ಪನಿಗೆ 67. ಲೋಕಲ್‌ನಲ್ಲಿ ಸಿಎಸ್‌ಎಂಟಿಗೆ ಹೊರಟರೆ ಠಾಣೆಯಲ್ಲೊಮ್ಮೆ, ಕುರ್ಲಾದಲ್ಲೊಮ್ಮೆ ಇಳಿದು ಶೌಚಾಲಯ ಹುಡುಕುತ್ತಾರೆ. ಕೇಳಿದರೆ "ವಯಸ್ಸಾಯ್ತಲ್ಲ ಮಾರಾಯ" ಅಂತಾರೆ. ಕೊನೆಗೂ ಪಿಎಸ್‌ಎ, ಅಂದರೆ ಪ್ರಾಸ್ಟೇಟ್ ಗ್ರಂಥಿಯ (ಗಂಡಸರ ಮೂತ್ರಕೋಶದ ಕೆಳಗಿನದು) ರಕ್ತಪರೀಕ್ಷೆ ಮಾಡಿಸಿದೆ, 6.8 ಬಂತು, ಜಾಸ್ತಿಯಂತೆ. ಡಾಕ್ಟರು ಬಯಾಪ್ಸಿ ಅಂದರು, ಸೂಜಿ ಹಾಕಿ ತುಣುಕು ತೆಗೆದು ಪರೀಕ್ಷಿಸುವುದು. ಸೂಜಿ ಅಂದ ಕೂಡಲೇ ಇವರು ಊರಿಗೆ ಟಿಕೆಟ್ ಮಾಡಿಸು ಅಂತ ಕೂತಿದ್ದಾರೆ. ಚುಚ್ಚದೆಯೇ ಪ್ರಾಸ್ಟೇಟ್ ಕ್ಯಾನ್ಸರ್ ಹಿಡಿಯುವ ಹೊಸ ಯಂತ್ರ ಬಂದಿದೆ ಅಂತ ವಾಟ್ಸಾಪ್‌ನಲ್ಲಿ ಓದಿದೆ. ನಿಜಾನಾ?

ಠಾಣೆ_ಸ್ಕ್ಯಾನ್:
ನಾನು ಡಾಕ್ಟರಲ್ಲ, ಎಂಆರ್‌ಐ ಟೆಕ್ನೀಷಿಯನ್. ಚುಚ್ಚದೆ ಕ್ಯಾನ್ಸರ್ ಹೌದು ಅಂತ ಖಾತ್ರಿ ಮಾಡುವ ಯಂತ್ರ ಇಲ್ಲ. ಆದರೆ ಚುಚ್ಚಬೇಕಾ, ಚುಚ್ಚಿದರೆ ಎಲ್ಲಿಗೆ ಅನ್ನುವುದಕ್ಕೆ ಮಲ್ಟಿಪ್ಯಾರಾಮೆಟ್ರಿಕ್ ಎಂಆರ್‌ಐ (ಒಂದೇ ಸ್ಕ್ಯಾನ್‌ನಲ್ಲಿ ಹಲವು ಬಗೆಯ ಚಿತ್ರ) ಇದೆ. ರಿಪೋರ್ಟ್‌ನಲ್ಲಿ ಪೈರಾಡ್ಸ್ ಅಂತ 1ರಿಂದ 5ರವರೆಗೆ ಅಂಕ ಕೊಡುತ್ತಾರೆ, ಹೆಚ್ಚಿದಷ್ಟೂ ಅನುಮಾನ ಜಾಸ್ತಿ. 1, 2 ಬಂದರೆ ಎಷ್ಟೋ ಸಲ ಬಯಾಪ್ಸಿ ಬಿಟ್ಟು ಪಿಎಸ್‌ಎ ಮೇಲೆ ಕಣ್ಣಿಡುತ್ತಾರೆ. 4, 5 ಆದರೆ ಸೂಜಿ ತಪ್ಪುವುದಿಲ್ಲ. 2018ರಲ್ಲಿ ಪ್ರಿಸಿಷನ್ ಅಂತ ಒಂದು ಅಧ್ಯಯನ ಬಂತು, 500 ಗಂಡಸರ ಮೇಲೆ: ಎಂಆರ್‌ಐ ಮೊದಲು ಮಾಡಿದವರಲ್ಲಿ ಶೇ 28ರಷ್ಟು ಜನಕ್ಕೆ ಬಯಾಪ್ಸಿಯೇ ಬೇಕಾಗಲಿಲ್ಲ, ಆದರೂ ಚಿಕಿತ್ಸೆ ಬೇಕಾದಂಥ ಕ್ಯಾನ್ಸರ್ ಸಿಕ್ಕಿದ್ದು ಆ ಗುಂಪಿನಲ್ಲೇ ಜಾಸ್ತಿ, ಶೇ 38, ಎಂಆರ್‌ಐ ಇಲ್ಲದೆ ನೇರ ಬಯಾಪ್ಸಿ ಮಾಡುವ ಹಳೇ ಪದ್ಧತಿಯಲ್ಲಿ 26. ಇನ್ನೊಂದು, ಬಯಾಪ್ಸಿ ಮುಗಿಸಿ ಎಂಆರ್‌ಐಗೆ ಬರಬೇಡಿ. ಒಳಗೆ ರಕ್ತ ಕಟ್ಟಿ ವಾರಗಟ್ಟಲೆ ಚಿತ್ರ ಕೆಡುತ್ತದೆ. ಇಂಥವರು ನಮ್ಮಲ್ಲಿಗೆ ಬರುತ್ತಲೇ ಇರುತ್ತಾರೆ, ವಾಪಸ್ ಕಳಿಸಲು ಬೇಜಾರಾಗುತ್ತದೆ.

ಮಾಟುಂಗಾ_ಅಕ್ಕ:
ನಮ್ಮವರಿಗೆ ಮೊದಲ ಸಲ ಒಂದು ಕಡೆ ಅಂದಾಜಿನ ಮೇಲೆ 12 ತುಣುಕು ತೆಗೆದರು, ಏನೂ ಸಿಗಲಿಲ್ಲ. ವರ್ಷ ಬಿಟ್ಟು ಫ್ಯೂಷನ್ ಬಯಾಪ್ಸಿ ಮಾಡಿಸಿದೆವು. ಎಂಆರ್‌ಐ ಚಿತ್ರವನ್ನು ಅಲ್ಟ್ರಾಸೌಂಡ್ ಪರದೆ ಮೇಲೆ ಕೂರಿಸಿ, ಅನುಮಾನದ ಜಾಗಕ್ಕೇ ಸೂಜಿ ಹಾಕುತ್ತಾರೆ. ಆಗ ಸಿಕ್ಕಿತು. ಗುದದ್ವಾರದ ಮೂಲಕ ಅಲ್ಲ, ಅದರ ಮುಂದಿನ ಚರ್ಮದ ಮೂಲಕ ಮಾಡುತ್ತೀರಾ ಅಂತ ಕೇಳಿ, ಸೋಂಕಿನ ಭಯ ಕಡಿಮೆ. ಕೇಳೋಕೆ ನಾಚಿಕೆ ಬೇಡ.

ಕೊತ್ರೂಡ್_ಸೈಕಲ್:
ಮೊದಲು ಪಿಎಸ್‌ಎ ಇನ್ನೊಮ್ಮೆ ಮಾಡಿಸಿ ಸ್ವಾಮಿ. ನನಗೆ 7 ಬಂದಿತ್ತು, ಒಂದು ವಾರ ನಿದ್ದೆ ಇಲ್ಲ. ನೋಡಿದರೆ ಮೂತ್ರದ ಸೋಂಕು! ಗುಣವಾದ ಮೇಲೆ 2.9. ಪ್ರಾಸ್ಟೇಟ್‌ಗೆ ಫಿನಾಸ್ಟರೈಡ್, ಡ್ಯುಟಾಸ್ಟರೈಡ್ ಮಾತ್ರೆ ತಗೊಳ್ತಾ ಇದ್ದರೆ ಉಲ್ಟಾ, ಆರು ತಿಂಗಳಲ್ಲಿ ಪಿಎಸ್‌ಎ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅದನ್ನೂ ಡಾಕ್ಟರಿಗೆ ಹೇಳಬೇಕು.

ಡೊಂಬಿವಲಿ_ಮಗ:
ಕೊತ್ರೂಡ್‌ನವರೇ, ನಿಮ್ಮ ಮಾತು ಓದಿ ಅಪ್ಪನ ಮಾತ್ರೆ ಡಬ್ಬಿ ತೆಗೆದೆ. ಬಿಪಿ ಮಾತ್ರೆ ಕೆಳಗೆ ಡ್ಯುಟಾಸ್ಟರೈಡ್ ಪಟ್ಟಿ, ಊರಿನ ಡಾಕ್ಟರು ಬರೆದದ್ದಂತೆ, ವರ್ಷ ಆಯ್ತಂತೆ, ಯಾರಿಗೂ ಹೇಳಿಲ್ಲ. ಅಂದರೆ ನಿಜವಾದ ಪಿಎಸ್‌ಎ 6.8 ಅಲ್ಲ, ಅದರ ದುಪ್ಪಟ್ಟು, 13.6ರ ಹತ್ತಿರ. ಇಲ್ಲಿನ ಡಾಕ್ಟರಿಗೆ ಫೋನ್ ಮಾಡಿದೆ, ಶನಿವಾರ ಎಂಆರ್‌ಐ. ಊರಿನ ರೈಲು ಮತ್ಸ್ಯಗಂಧದ ಟಿಕೆಟ್ ವೇಟಿಂಗ್ ಲಿಸ್ಟ್‌ನಲ್ಲಿದೆ ಅಂತ ಅಪ್ಪನಿಗೆ ಹೇಳಿಟ್ಟಿದ್ದೇನೆ.