ಸಿ.ಆರ್. ರಾವ್ ಅವರ 1945ರ ಪೇಪರ್ ಎಲ್ಲೆಲ್ಲಿಗೆ ಹೋಯ್ತು ಅಂತ ಹುಡುಕೋದು ಹೇಗೆ?

ಎಮ್ಮೆಸ್ಸಿ_ಸ್ಟ್ಯಾಟ್ಸ್:
ಸೆಮಿನಾರಿಗೆ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಅವರ 1945ರ ಪೇಪರ್ ತಗೊಂಡಿದೀನಿ, ಕಲ್ಕತ್ತಾ ಮ್ಯಾಥಮ್ಯಾಟಿಕಲ್ ಸೊಸೈಟಿ ಬುಲೆಟಿನ್‌ನಲ್ಲಿ ಬಂದಿದ್ದು. ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದವ್ರು ಅನ್ನೋ ಅಭಿಮಾನ ಬೇರೆ. 2023ರಲ್ಲಿ ಇಂಟರ್‌ನ್ಯಾಷನಲ್ ಪ್ರೈಜ್ ಇನ್ ಸ್ಟ್ಯಾಟಿಸ್ಟಿಕ್ಸ್ ಬಂತಲ್ಲ, ಅದು ಈ ಕೆಲಸಕ್ಕೇನೇ. ಆದ್ರೆ ಗೈಡ್ "ಪ್ರಶಸ್ತಿ ಬಂತು ಅಂದ್ರೆ ಸಾಲ್ದು, ಪ್ರಭಾವ ತೋರ್ಸು" ಅಂತಾರೆ. ಗೂಗಲ್ ಸ್ಕಾಲರ್‌ನಲ್ಲಿ ಸೈಟೆಡ್ ಬೈ (ಇದನ್ನ ಉಲ್ಲೇಖಿಸಿದ ಪೇಪರ್‌ಗಳ ಪಟ್ಟಿ) ಒತ್ತಿದ್ರೆ ಸಾವಿರಗಟ್ಟಲೆ ಬರುತ್ತೆ, ಎಲ್ಲಿಂದ ಶುರು ಮಾಡ್ಲಿ?

ಲೈಬ್ರರಿ_ಮಂದಿ:
ಸೈಟೆಡ್ ಬೈ ಪಟ್ಟಿ ಮೇಲೆ "ಸರ್ಚ್ ವಿದಿನ್ ಸೈಟಿಂಗ್ ಆರ್ಟಿಕಲ್ಸ್" ಅಂತ ಒಂದು ಚೆಕ್‌ಬಾಕ್ಸ್ ಇರುತ್ತೆ ನೋಡಿ, ಅದನ್ನ ಟಿಕ್ ಮಾಡಿ ರೇಡಾರ್, ಕ್ವಾಂಟಮ್, ಜಿಯಾಮೆಟ್ರಿ ಹೀಗೆ ಒಂದೊಂದೇ ಪದ ಹಾಕಿ. ಸ್ಕಾಲರ್ ಒಂದು ಹುಡುಕಾಟಕ್ಕೆ ಸಾವಿರದ ಮೇಲೆ ತೋರ್ಸಲ್ಲ, ಅದಕ್ಕೆ ಇಸವಿ ಪ್ರಕಾರ ತುಂಡು ಮಾಡ್ಕೊಂಡು ನೋಡ್ಬೇಕು. ಇನ್ನೊಂದು, ಈ ಪೇಪರ್ 1992ರಲ್ಲಿ ಬ್ರೇಕ್‌ಥ್ರೂಸ್ ಇನ್ ಸ್ಟ್ಯಾಟಿಸ್ಟಿಕ್ಸ್ ಸಂಪುಟದಲ್ಲಿ ಮತ್ತೆ ಅಚ್ಚಾಗಿದೆ, ಕೆಲವ್ರು ಅದನ್ನೇ ಸೈಟ್ ಮಾಡ್ತಾರೆ, ಬಿಡ್ಬೇಡಿ. ನಿಮ್ಮ ಯೂನಿವರ್ಸಿಟೀಲಿ ವೆಬ್ ಆಫ್ ಸೈನ್ಸ್ (ಯಾವ ಪೇಪರ್ ಯಾವುದನ್ನ ಸೈಟ್ ಮಾಡಿದೆ ಅಂತ ತೋರ್ಸೋ ಡೇಟಾಬೇಸ್) ಇದ್ರೆ "ಸೈಟೆಡ್ ರೆಫರೆನ್ಸ್ ಸರ್ಚ್"ಗೆ ಹೋಗಿ, ಜರ್ನಲ್ ಹೆಸ್ರು ಒಬ್ಬೊಬ್ರು ಒಂದೊಂದ್ ಥರ ಬರ್ದಿರ್ತಾರೆ, ಅವೆಲ್ಲಾ ಬೇರೆ ಬೇರೆ ಸಾಲಾಗಿ ಕಾಣುತ್ತೆ, ಎಲ್ಲಾನೂ ಸೆಲೆಕ್ಟ್ ಮಾಡಿ.

ಪಾಠದ_ಮೇಷ್ಟ್ರು:
ಇದೆಲ್ಲಾ ಮಾಡಿದ್ರೂ ಅರ್ಧ ಕೈ ತಪ್ಪುತ್ತೆ ಕಣಮ್ಮ. ಇವತ್ತು ಸಿಗ್ನಲ್ ಪ್ರೊಸೆಸಿಂಗ್‌ನವ್ರು ಕ್ರಾಮರ್-ರಾವ್ ಬೌಂಡ್ (ಅಂದಾಜು ಎಷ್ಟು ನಿಖರ ಆಗ್ಬಹುದು ಅನ್ನೋ ಮಿತಿ, ಈ ಪೇಪರಿನ ಒಂದು ವಿಚಾರ) ಅಂತ ದಿನಾ ಬರೀತಾರೆ, 1945ರ ಪೇಪರ್ ರೆಫರೆನ್ಸಲ್ಲಿ ಹಾಕೋರು ಎಷ್ಟು ಜನ? ಟೆಕ್ಸ್ಟ್‌ಬುಕ್ ಹಾಕ್ತಾರೆ, ಇಲ್ಲಾ ಏನೂ ಹಾಕಲ್ಲ. ಸಮಾಜಶಾಸ್ತ್ರಜ್ಞ ಮರ್ಟನ್ ಇದರ ಬಗ್ಗೆ ಬರೆದಿದಾರೆ, ವಿಚಾರ ಎಲ್ಲರ ಸ್ವತ್ತಾದ ಮೇಲೆ ಮೂಲ ಸೈಟ್ ಆಗೋದೇ ನಿಲ್ಲುತ್ತೆ ಅಂತ. ಆದ್ರಿಂದ ಬೌಂಡ್ ಹೆಸರನ್ನೂ, ರಾವ್-ಬ್ಲ್ಯಾಕ್‌ವೆಲ್ (ಇರೋ ಅಂದಾಜನ್ನ ಉತ್ತಮ ಮಾಡೋ ವಿಧಾನ, ಪೇಪರಿನ ಇನ್ನೊಂದು ವಿಚಾರ) ಹೆಸರನ್ನೂ ಉದ್ಧರಣ ಚಿಹ್ನೆ ಒಳಗೆ ಹಾಕಿ ಬೇರೆಯಾಗೇ ಹುಡುಕು. ನನ್ ಕೇಳಿದ್ರೆ ಚೆಂದದ ಕಥೆ ಇರೋದು ಆ ಪೇಪರಿನ ಮೂರನೇ ವಿಚಾರದಲ್ಲಿ, ಡಿಸ್ಟ್ರಿಬ್ಯೂಷನ್‌ಗಳ ನಡುವಿನ ದೂರಾನ ಜಿಯಾಮೆಟ್ರಿಯಿಂದ ಅಳೆಯೋದು. ಈ ಜಿಯಾಮೆಟ್ರಿ ಬಗ್ಗೆ ಜಪಾನಿನ ಅಮಾರಿ ಅವರ 1985ರ ಪುಸ್ತಕ ಇದೆ, ಅದಕ್ಕೆ ಮುಂಚಿನ ಸೈಟೇಶನ್ ಪಟ್ಟಿ, ಆಮೇಲಿನ ಪಟ್ಟಿ ಎರಡೂ ನೋಡು, ಇನ್ಫರ್ಮೇಶನ್ ಜಿಯಾಮೆಟ್ರಿ ಅಂತ ಒಂದು ಕ್ಷೇತ್ರವೇ ಬೆಳೆದಿದ್ದು ಕಾಣುತ್ತೆ.

ಔಷಧಿ_ಓದುಗ:
ಸಂಖ್ಯೆ ಒಂದನ್ನೇ ನಂಬ್ಬೇಡಿ, ಸೈಟ್ ಮಾಡಿದ ಆ ವಾಕ್ಯ ಓದಿ. ನಮ್ಮ ಕಡೆ 1980ರ ಒಂದು ಪತ್ರ ಇದೆ, ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ದು, ಐದೇ ವಾಕ್ಯ, ಆಸ್ಪತ್ರೇಲಿ ಅಡ್ಮಿಟ್ ಆದವರಿಗೆ ಓಪಿಯಾಯ್ಡ್ (ಮಾರ್ಫಿನ್ ಥರದ ನೋವಿನ ಮದ್ದು) ಚಟ ಹತ್ತೋದು ಅಪರೂಪ ಅಂತ. 2017ರಲ್ಲಿ ಅದನ್ನ ಸೈಟ್ ಮಾಡಿದ 608 ಕಡೆ ತೆಗೆದು ಓದಿದ್ರೆ 72 ಪರ್ಸೆಂಟ್ ಅದನ್ನೇ ಪುರಾವೆ ಅಂತ ಕೊಟ್ಟಿದ್ರು, ಬಹುಪಾಲು ಜನ ಆಸ್ಪತ್ರೆ ರೋಗಿಗಳು ಅನ್ನೋ ಮಾತನ್ನೇ ಬಿಟ್ಟಿದ್ರು! ಎಷ್ಟು ಸಲ ಅನ್ನೋದಕ್ಕಿಂತ ಯಾಕೆ ಅನ್ನೋದು ಮುಖ್ಯ.

ಎಮ್ಮೆಸ್ಸಿ_ಸ್ಟ್ಯಾಟ್ಸ್:
ಮೇಷ್ಟ್ರೇ, ಜಿಯಾಮೆಟ್ರಿ ಭಾಗಾನೇ ತಗೋತೀನಿ. 1985ರ ತನಕ ಒಂದು ಪಟ್ಟಿ, ಆಮೇಲಿಂದು ಒಂದು ಪಟ್ಟಿ ಮಾಡಿ, ಎರಡರಲ್ಲೂ ಸೈಟ್ ಮಾಡಿದ ವಾಕ್ಯ ಓದ್ತೀನಿ. ಲೈಬ್ರರೀಲಿ ವೆಬ್ ಆಫ್ ಸೈನ್ಸ್ ಇದ್ಯಾ ಅಂತ ನಾಳೆ ಕೇಳ್ಬೇಕು.