ಅಪ್‌ಡೇಟ್: ಗಟ್ಟಿ ಜೇಡಿಮಣ್ಣು ಸಡಿಲವಾಗುತ್ತಿದೆ

ಹಿತ್ತಲಿನ ಮಣ್ಣು ಮಳೆಗೆ ಅಂಟು, ಬಿಸಿಲಿಗೆ ಬಿರುಕು, ತರಕಾರಿ ಬೇರು ಇಳಿಯುತ್ತಲೇ ಇಲ್ಲ, ಮರಳು ಬೆರೆಸಲೇ ಎಂದು ಕೇಳಿದ್ದೆ. ಬೇಡ, ಜೇಡಿಗೆ ಸ್ವಲ್ಪ ಮರಳು ಸೇರಿದರೆ ಇಟ್ಟಿಗೆಯಂತೆ ಬಿಗಿಯುತ್ತದೆ ಎಂದವರಿಗೆಲ್ಲ ತುಂಬಾ ಧನ್ಯವಾದ. ಅದರ ಬದಲು ಚೆನ್ನಾಗಿ ಕಳಿತ ಕಾಂಪೋಸ್ಟನ್ನು ಮೇಲಿನ 15 ಸೆಂ.ಮೀ. ಮಣ್ಣಿಗೆ ಬೆರೆಸಿ, ಒಣ ಎಲೆ ಹೊದಿಸಿ, ಮೊದಲು ಬೀನ್ಸ್ ಹಾಕಿದೆ.

ಹೂ ಬಿಟ್ಟಾಗ ಒಂದು ಗಿಡ ಕಿತ್ತು ಬೇರಿನ ಗಂಟು ಒಡೆದು ನೋಡಿದರೆ ಒಳಗೆ ಗುಲಾಬಿ ಬಣ್ಣ! ಗಂಟಿನೊಳಗಿರುವ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿಯುತ್ತಿದೆ ಎನ್ನುವುದಕ್ಕೆ ಅದೇ ಗುರುತು. ಎಷ್ಟು ಖುಷಿಯಾಯಿತು ಗೊತ್ತಾ! ಕೊಯ್ಲಾದ ಮೇಲೆ ಗಿಡಗಳನ್ನು ಕೀಳದೆ ಬುಡಕ್ಕೆ ಕತ್ತರಿಸಿ, ಬೇರನ್ನು ಮಣ್ಣಲ್ಲೇ ಬಿಟ್ಟಿದ್ದೇನೆ. ಎರೆಹುಳುಗಳೂ ಬಂದಿವೆ. ಒಂದು ಮೂಲೆಯಲ್ಲಿ ಮಾತ್ರ ಇನ್ನೂ ನೀರು ನಿಲ್ಲುತ್ತದೆ; ಅಲ್ಲಿ ಏರುಮಡಿ ಮಾಡಿ ಬದನೆ ನೆಡುತ್ತೇನೆ.